ಪೋಷಕರಲ್ಲಿ ಒಬ್ಬರು ನಾಪತ್ತೆ: ಯೂಟಾ ಬೆಟ್ಟಗಳ ಹೈಬ್ರಿಡ್ ಓಕ್

ಅಮೆರಿಕದ ಯೂಟಾ ರಾಜ್ಯದಲ್ಲಿ ಸಾಲ್ಟ್ ಲೇಕ್ ಸಿಟಿ ಎಂಬ ಊರಿದೆ. ಅದರ ಸುತ್ತಲಿನ ಬೆಟ್ಟಗಳ ಬುಡದಲ್ಲಿ ಓಕ್ ಪೊದೆಗಳು ದಟ್ಟವಾಗಿ ಬೆಳೆದಿವೆ. ಬಹುಪಾಲು ಗ್ಯಾಂಬೆಲ್ ಓಕ್ ಎಂಬ ಒಂದೇ ಜಾತಿ. ಶರತ್ಕಾಲದಲ್ಲಿ ಅದರ ಎಲೆ ಬಣ್ಣ ತಿರುಗಿ ಉದುರುತ್ತದೆ. ಚಳಿಗಾಲಕ್ಕೆ ಬೆಟ್ಟದ ತುಂಬ ಬರೀ ಕಡ್ಡಿ. ಆದರೆ ನಡುವೆ ಅಪರೂಪಕ್ಕೊಂದು ಪೊದೆ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅಕ್ಕಪಕ್ಕದವೆಲ್ಲ ಬೋಳಾದ ಮೇಲೂ ಅದರಲ್ಲಿ ಹಸಿರು ಉಳಿದಿರುತ್ತದೆ. ಎಲೆ ಚಿಕ್ಕದು, ಸ್ವಲ್ಪ ಗಡಸು, ಅಂಚಿನಲ್ಲಿ ಮೊನೆ.

1950ರ ದಶಕದಲ್ಲಿ ಯೂಟಾ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ವಾಲ್ಟರ್ ಕಾಟಮ್ ಮತ್ತು ಅವರ ವಿದ್ಯಾರ್ಥಿ ರೂಡಿ ಡ್ರಾಬ್ನಿಕ್ ಇಂಥ ಪೊದೆಗಳ ಬೆನ್ನು ಹತ್ತಿದರು. ಇದು ಹೈಬ್ರಿಡ್, ಅಂದರೆ ಎರಡು ಜಾತಿ ಕೂಡಿ ಹುಟ್ಟಿದ್ದು ಎಂಬ ತೀರ್ಮಾನಕ್ಕೆ ಬಂದರು. ಒಂದು ಪೋಷಕ ಗ್ಯಾಂಬೆಲ್ ಓಕ್, ಅದರಲ್ಲಿ ಅನುಮಾನವಿಲ್ಲ. ಇನ್ನೊಂದು ಟರ್ಬಿನೆಲ್ಲಾ ಓಕ್. ವರ್ಷವಿಡೀ ಹಸಿರಾಗಿರುವ, ಮುಳ್ಳಂಚಿನ ಪುಟ್ಟ ಎಲೆಯ, ಒಣ ನಾಡಿನ ಕುರುಚಲು ಗಿಡ ಅದು. ತೊಡಕು ಇರುವುದು ಇಲ್ಲೇ. ಸಾಲ್ಟ್ ಲೇಕ್ ಸಿಟಿಯ ಸುತ್ತ ಎಲ್ಲೂ ಟರ್ಬಿನೆಲ್ಲಾ ತಾನಾಗಿ ಬೆಳೆಯುವುದಿಲ್ಲ. ಅದು ಸಿಗುವುದು ಯೂಟಾದ ದಕ್ಷಿಣದ ತುದಿಯಲ್ಲಿ, 300 ಕಿಲೋಮೀಟರ್‌ಗೂ ಜಾಸ್ತಿ ದೂರದಲ್ಲಿ.

ಮಗು ಇಲ್ಲಿದೆ, ಪೋಷಕರಲ್ಲಿ ಒಬ್ಬರು ಆ ಸೀಮೆಯಲ್ಲೇ ಇಲ್ಲ. ಇದು ಹೇಗೆ ಸಾಧ್ಯವಾಯಿತು ಎಂದು ತಿಳಿಯಬೇಕಾದರೆ ಮೊದಲು ಓಕ್‌ಗಳ ಸ್ವಭಾವ ಸ್ವಲ್ಪ ಗೊತ್ತಿರಬೇಕು.

ಓಕ್ ಅಂದರೆ ನಮ್ಮಲ್ಲಿ ಅನೇಕರ ಕಣ್ಣ ಮುಂದೆ ಬರುವುದು ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಸಿಲ್ವರ್ ಓಕ್. ಅದು ಓಕ್ ಅಲ್ಲವೇ ಅಲ್ಲ. ನೆರಳಿಗೂ ಮೆಣಸಿನ ಬಳ್ಳಿ ಹಬ್ಬಿಸಲೂ ನೆಡುವ, ಆಸ್ಟ್ರೇಲಿಯಾ ಮೂಲದ, ಬೇರೆಯೇ ಕುಟುಂಬದ ಮರ. ನಿಜವಾದ ಓಕ್‌ಗಳು ಕ್ವೆರ್ಕಸ್ ಕುಲಕ್ಕೆ ಸೇರಿದವು. ಉತ್ತರ ಗೋಳದಲ್ಲಿ 400ಕ್ಕೂ ಹೆಚ್ಚು ಜಾತಿಗಳಿವೆ. ಭಾರತದಲ್ಲಿ ನೋಡಬೇಕೆಂದರೆ ಹಿಮಾಲಯಕ್ಕೋ ಈಶಾನ್ಯದ ಬೆಟ್ಟಗಳಿಗೋ ಹೋಗಬೇಕು. ಉತ್ತರಾಖಂಡದ ಹಳ್ಳಿಗಳವರು ದನಕ್ಕೆ ಸೊಪ್ಪು ತರುವ ಬಾಂಜ್ ಮರ ಅಸಲಿ ಓಕ್. ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿ ಒಂದು ಜಾತಿಯೂ ಇಲ್ಲ. ಓಕ್‌ನ ಗುರುತು ಅದರ ಕಾಯಿ. ಪುಟ್ಟ ಬಟ್ಟಲಿನಲ್ಲಿ ಕೂರಿಸಿಟ್ಟಂತೆ ಇರುತ್ತದೆ.

ಇನ್ನು ಹೈಬ್ರಿಡ್ ವಿಷಯ. ಈ ಮಾತು ಕೇಳಿದ ಕೂಡಲೇ ನಮಗೆ ಬೀಜದ ಅಂಗಡಿ ನೆನಪಾಗುತ್ತದೆ, ಅಲ್ವಾ? ಹೈಬ್ರಿಡ್ ಜೋಳ, ಹೈಬ್ರಿಡ್ ಟೊಮ್ಯಾಟೊ. ಅವೆಲ್ಲ ಮನುಷ್ಯರು ಮಾಡಿದ್ದು. 1972ರಲ್ಲಿ ಧಾರವಾಡದಲ್ಲಿ ಬಿ. ಎಚ್. ಕಟರ್ಕಿ ಅವರು ರೂಪಿಸಿದ ವರಲಕ್ಷ್ಮಿ ಹತ್ತಿಯನ್ನೇ ನೋಡಿ. ಅದು ಹತ್ತಿಯ ಎರಡು ಬೇರೆ ಬೇರೆ ಜಾತಿಗಳ ಹೈಬ್ರಿಡ್. ಅದರ ಬೀಜ ಬೇಕಾದರೆ ಹೊಲದಲ್ಲಿ ಕೂಲಿಯವರು ಹೂವಿನಿಂದ ಹೂವಿಗೆ ಹೋಗಿ ಗಂಡು ಭಾಗ ಕಿತ್ತು, ಬೇರೆ ಜಾತಿಯ ಪರಾಗವನ್ನು ಕೈಯಿಂದ ಸವರಬೇಕಿತ್ತು. ಓಕ್ ಕಾಡಿನಲ್ಲಿ ಈ ಕೆಲಸವನ್ನು ಗಾಳಿ ಕೂಲಿಯಿಲ್ಲದೆ ಮಾಡುತ್ತದೆ.

ಓಕ್‌ನ ಒಂದೇ ಮರದಲ್ಲಿ ಗಂಡು ಹೂ, ಹೆಣ್ಣು ಹೂ ಎರಡೂ ಇರುತ್ತವೆ, ಆದರೆ ಬೇರೆ ಬೇರೆಯಾಗಿ. ವಸಂತದಲ್ಲಿ ಗಂಡು ಹೂಗಳು ದಾರದಂತೆ ಜೋತುಬೀಳುತ್ತವೆ. ಗಾಳಿ ಬೀಸಿದರೆ ಹಳದಿ ಪುಡಿ ಮೋಡದಂತೆ ಏಳುತ್ತದೆ. ಹೆಣ್ಣು ಹೂ ಎಷ್ಟು ಸಣ್ಣದೆಂದರೆ ಹುಡುಕಿ ನೋಡಬೇಕು. ಬಣ್ಣ, ವಾಸನೆ, ಮಕರಂದ ಏನೂ ಇಲ್ಲ. ಜೇನುಹುಳಕ್ಕೆ ಕಾಯುವ ಗಿಡ ಅಲ್ಲವಲ್ಲ. ಅದರ ಮೇಲೆ ಯಾವ ಓಕ್‌ನ ಪರಾಗ ಬೇಕಾದರೂ ಬಂದು ಕೂರಬಹುದು. ತನ್ನದೇ ಮರದ ಪರಾಗವನ್ನು ಅದು ಹೆಚ್ಚಾಗಿ ಒಪ್ಪುವುದಿಲ್ಲ. ತನ್ನದೇ ಜಾತಿಯ ಬೇರೆ ಮರದ್ದು ಬಂದರೆ ಅದಕ್ಕೇ ಆದ್ಯತೆ. ಅದು ಸಾಕಷ್ಟು ಬಾರದಿದ್ದಾಗ, ಹತ್ತಿರದ ಸಂಬಂಧದ ಬೇರೆ ಜಾತಿಗೆ ಅವಕಾಶ ಸಿಗುತ್ತದೆ. ಹಾಗಾಗಿ ಒಂದು ಜಾತಿ ಅಪರೂಪವಾಗುತ್ತಾ ಬಂದ ಕಡೆ, ಇನ್ನೊಂದು ಜಾತಿ ಸುತ್ತುವರಿದ ಕಡೆ, ಹೈಬ್ರಿಡ್ ಹುಟ್ಟುವ ಸಾಧ್ಯತೆ ಜಾಸ್ತಿ. ಈ ಅಂಶವನ್ನು ನೆನಪಿಟ್ಟುಕೊಳ್ಳಿ. ಯೂಟಾಕ್ಕೆ ಮರಳಿದಾಗ ಬೇಕಾಗುತ್ತದೆ.

ಎಲ್ಲ ಓಕ್‌ಗಳೂ ಎಲ್ಲದರ ಜೊತೆ ಕೂಡುತ್ತವೆ ಎಂದಲ್ಲ. ಅಮೆರಿಕದ ಓಕ್‌ಗಳಲ್ಲಿ ಎರಡು ದೊಡ್ಡ ಪಂಗಡಗಳಿವೆ: ಬಿಳಿ ಓಕ್‌ಗಳು, ಕೆಂಪು ಓಕ್‌ಗಳು. ಬಿಳಿ ಓಕ್‌ಗಳ ಕಾಯಿ ಹೂಬಿಟ್ಟ ವರ್ಷವೇ ಬಲಿಯುತ್ತದೆ. ಕೆಂಪು ಓಕ್‌ಗಳಲ್ಲಿ ಸಾಮಾನ್ಯವಾಗಿ ಎರಡನೇ ವರ್ಷ. ಈ ಎರಡು ಪಂಗಡಗಳ ನಡುವೆ ಕಾಡಿನಲ್ಲಿ ಕೂಡಿಕೆ ಆಗುವುದಿಲ್ಲ. ಆದರೆ ಒಂದೇ ಪಂಗಡದೊಳಗೆ ಗಡಿ ತುಂಬ ಸಡಿಲ. ಗ್ಯಾಂಬೆಲ್, ಟರ್ಬಿನೆಲ್ಲಾ ಎರಡೂ ಬಿಳಿ ಪಂಗಡದವು. ನೋಡಲು ಅಜಗಜಾಂತರ ಇದ್ದರೂ ಒಳಗಿನ ಸಂಬಂಧ ಹತ್ತಿರದ್ದು.

ಎರಡು ಜಾತಿ ಕೂಡಿದರೆ ಹುಟ್ಟುವುದು ಹೇಸರಗತ್ತೆಯ ಹಾಗೆ ಬಂಜೆಯಾಗಿರುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಕುದುರೆಗೆ 64 ಕ್ರೋಮೋಸೋಮ್, ಕತ್ತೆಗೆ 62, ಹೇಸರಗತ್ತೆಗೆ 63. ಅವು ಜೋಡಿಯಾಗುವಾಗ ತಾಳ ತಪ್ಪುತ್ತದೆ. ಓಕ್‌ಗಳಲ್ಲಿ ಈ ತಾಪತ್ರಯ ಇಲ್ಲ. ಹೆಚ್ಚುಕಡಿಮೆ ಎಲ್ಲ ಜಾತಿಗಳಿಗೂ 24 ಕ್ರೋಮೋಸೋಮ್. ಹಾಗಾಗಿ ಹೈಬ್ರಿಡ್ ಓಕ್ ಕೂಡ ಹೂಬಿಡುತ್ತದೆ, ಕಾಯಿ ಕಟ್ಟುತ್ತದೆ, ಕಾಯಿ ಮೊಳೆಯುತ್ತದೆ. ಪೋಷಕ ಜಾತಿಯ ಜೊತೆ ಮತ್ತೆ ಕೂಡಲೂಬಹುದು.

ಒಂದು ವಿಚಿತ್ರ ಮರ ಸಿಕ್ಕಿತು ಅಂದುಕೊಳ್ಳಿ. ಅದು ಹೊಸ ಜಾತಿಯೋ ಹೈಬ್ರಿಡ್ಡೋ ಎಂದು ಹೇಳುವುದು ಹೇಗೆ? ಈ ಪ್ರಶ್ನೆ ಸಸ್ಯವಿಜ್ಞಾನಿಗಳನ್ನು ಬಹಳ ಕಾಲ ಕಾಡಿದ್ದು ಬಾರ್ಟ್ರಮ್ ಓಕ್ ಎಂಬ ಮರದ ವಿಚಾರದಲ್ಲಿ. ಜಾನ್ ಬಾರ್ಟ್ರಮ್ 18ನೇ ಶತಮಾನದ ಅಮೆರಿಕದ ಹೆಸರಾಂತ ಸಸ್ಯ ಸಂಗ್ರಾಹಕ. ಫಿಲಡೆಲ್ಫಿಯಾದಲ್ಲಿ ಸ್ಕೂಲ್ಕಿಲ್ ನದಿಯ ದಂಡೆಯಲ್ಲಿ 1728ರಲ್ಲಿ ಅವರು ಶುರು ಮಾಡಿದ ತೋಟ ಈಗಲೂ ಇದೆ. ಅವರ ಜಮೀನಿನಲ್ಲಿ ಒಂದು ಓಕ್ ಇತ್ತು. ಅದರ ಎಲೆಗಳು ಒಂದರ ಹಾಗೆ ಒಂದಿರಲಿಲ್ಲ. ಕೆಲವು ಉದ್ದಕ್ಕೆ ನಯವಾಗಿ, ಕೆಲವು ಅಂಚಿನಲ್ಲಿ ಹಲ್ಲು ಹಲ್ಲಾಗಿ. ಫ್ರೆಂಚ್ ಸಸ್ಯವಿಜ್ಞಾನಿ ಫ್ರಾಂಸ್ವಾ ಆಂದ್ರೆ ಮಿಶೋ ಇದನ್ನು ಹೊಸ ಜಾತಿಯೆಂದು ವರ್ಣಿಸಿ ಕ್ವೆರ್ಕಸ್ ಹೆಟೆರೋಫಿಲ್ಲಾ ಎಂಬ ಹೆಸರು ಕೊಟ್ಟರು. ಅವರ ಕಣ್ಣಿಗೆ ಬಿದ್ದಿದ್ದು ಆ ಒಂದೇ ಮರ.

ಆಮೇಲೆ ಜಗಳ ಶುರುವಾಯಿತು. ಜಾತಿ ಎಂದರು ಕೆಲವರು. ವಿಲ್ಲೋ ಓಕ್‌ನ ಒಂದು ಬಗೆ ಅಷ್ಟೇ ಎಂದರು ಇನ್ನು ಕೆಲವರು. ವಿಲ್ಲೋ ಓಕ್ ಮತ್ತು ಕೆಂಪು ಓಕ್ ಎಂದೇ ಹೆಸರಿರುವ ಜಾತಿ (ಎರಡೂ ಕೆಂಪು ಪಂಗಡದವು) ಕೂಡಿ ಹುಟ್ಟಿದ ಹೈಬ್ರಿಡ್ ಎಂಬ ಮೂರನೇ ವಾದವೂ ಇತ್ತು. 19ನೇ ಶತಮಾನ ಪೂರ್ತಿ ಇದೇ ಆಯಿತು. ಒಣಗಿಸಿದ ಎಲೆ ಹಿಡಿದು ಎಷ್ಟು ವಾದ ಮಾಡಿದರೂ ಇದು ಬಗೆಹರಿಯುವ ವಿಷಯವಲ್ಲ. ಬಗೆಹರಿಸುವ ಉಪಾಯ ತುಂಬ ಸರಳವಾಗಿತ್ತು: ಕಾಯಿ ಬಿತ್ತಿ ನೋಡುವುದು.

ಇದರ ತರ್ಕ ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಹೈಬ್ರಿಡ್ ಹತ್ತಿಯ ಬೀಜ ಉಳಿಸಿಕೊಂಡು ಮುಂದಿನ ವರ್ಷ ಬಿತ್ತಿದರೆ ಹೊಲ ಒಂದೇ ಸಮ ಬರುವುದಿಲ್ಲ. ಒಂದು ಗಿಡ ಎತ್ತರ, ಒಂದು ಗಿಡ್ಡ. ಒಂದರ ಎಳೆ ಉದ್ದ, ಇನ್ನೊಂದರದ್ದು ಮೋಟು. ಮೊದಲ ತಲೆಮಾರಿನಲ್ಲಿ ಒಟ್ಟಿಗಿದ್ದ ಎರಡೂ ಪೋಷಕರ ಗುಣಗಳು ಎರಡನೇ ತಲೆಮಾರಿನಲ್ಲಿ ಬೇರೆ ಬೇರೆಯಾಗಿ ಹಂಚಿಹೋಗುತ್ತವೆ. ಅದಕ್ಕೇ ಪ್ರತಿ ವರ್ಷ ಹೊಸ ಬೀಜ ಕೊಳ್ಳಬೇಕು. ಶುದ್ಧ ಜಾತಿಯ ಬೀಜ ಹೀಗೆ ಚೆಲ್ಲಾಪಿಲ್ಲಿ ಆಗುವುದಿಲ್ಲ. ಡೇನಿಯಲ್ ಮ್ಯಾಕ್‌ಡೂಗಲ್ ಎಂಬ ಸಸ್ಯವಿಜ್ಞಾನಿ ಬಾರ್ಟ್ರಮ್ ಓಕ್‌ನ ಕಾಯಿಗಳಿಂದ ಸಸಿ ಬೆಳೆಸಿ 1907ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಬಗೆಯ ಕಾಯಿಯಿಂದ ಬಂದ ಸಸಿಗಳಲ್ಲಿ ಕೆಲವು ವಿಲ್ಲೋ ಓಕ್‌ನತ್ತ ವಾಲಿದ್ದವು, ಕೆಲವು ಕೆಂಪು ಓಕ್‌ನತ್ತ, ಮಿಕ್ಕವು ನಡುವೆ ಎಲ್ಲೋ. ಪೋಷಕರ ಗುಣ ಮುಂದಿನ ತಲೆಮಾರಿಗೆ ಹೇಗೆ ಹಂಚಿಹೋಗುತ್ತದೆ ಎಂದು ತೋರಿಸಿದ ಮೆಂಡೆಲ್‌ನ ಬಟಾಣಿ ಲೆಕ್ಕ ಮತ್ತೆ ಬೆಳಕಿಗೆ ಬಂದು ಆಗ ಕೆಲವೇ ವರ್ಷ ಆಗಿತ್ತು. ಅಲ್ಲಿಗೆ ಬಾರ್ಟ್ರಮ್ ಓಕ್ ಹೈಬ್ರಿಡ್ ಎಂಬ ವಾದಕ್ಕೆ ಬಲವಾದ ಸಾಕ್ಷಿ ಸಿಕ್ಕಿತು. ಈಗ ಅದರ ಹೆಸರನ್ನು ನಡುವೆ ಗುಣಾಕಾರ ಚಿಹ್ನೆ ಹಾಕಿ ಬರೆಯುತ್ತಾರೆ: ಕ್ವೆರ್ಕಸ್ × ಹೆಟೆರೋಫಿಲ್ಲಾ.

ಯೂಟಾದ ಪೊದೆಗಳಿಗೆ ಇನ್ನೊಂದು ದಾರಿ ಹಿಡಿದರು. ಆ ಹೊತ್ತಿಗೆ ಎಡ್ಗರ್ ಆಂಡರ್ಸನ್ ಎಂಬ ಸಸ್ಯವಿಜ್ಞಾನಿ ಹೈಬ್ರಿಡ್‌ಗಳಿಗೆ ಅಂಕ ಕೊಡುವ ಪದ್ಧತಿಯನ್ನು ರೂಢಿಗೆ ತಂದಿದ್ದರು. ಎಲೆಯ ಅಂಚಿನ ಕಚ್ಚು ಎಷ್ಟು ಆಳ, ತುದಿಯಲ್ಲಿ ಮುಳ್ಳು ಇದೆಯೋ ಇಲ್ಲವೋ, ಎಲೆಯ ಅಡಿಭಾಗದ ನಕ್ಷತ್ರದಾಕಾರದ ರೋಮಗಳು ಎಂಥವು, ಚಳಿಗಾಲದಲ್ಲಿ ಎಲೆ ಎಷ್ಟು ದಿನ ನಿಲ್ಲುತ್ತದೆ, ಹೀಗೆ ಒಂದೊಂದು ಗುಣಕ್ಕೂ ಒಂದು ಅಂಕ. ಒಂದು ಪೋಷಕನಿಗೆ ತೀರಾ ಕಡಿಮೆ, ಇನ್ನೊಂದಕ್ಕೆ ತೀರಾ ಹೆಚ್ಚು. ಅನುಮಾನದ ಗಿಡ ಎಲ್ಲ ಗುಣಗಳಲ್ಲೂ ನಡುವೆ ಬಂದರೆ ಹೈಬ್ರಿಡ್ ಎನ್ನಲು ಆಧಾರ ಸಿಕ್ಕಿತು. ಕ್ಯಾಲಿಫೋರ್ನಿಯಾದ ಓಕ್ ತಜ್ಞ ಜಾನ್ ಟಕರ್ ಕೂಡ ಕಾಟಮ್ ಜೊತೆ ಸೇರಿಕೊಂಡರು. ಕಾಟಮ್ ಅಷ್ಟಕ್ಕೇ ಬಿಡಲಿಲ್ಲ. ಮುಂದೆ ಸಾಲ್ಟ್ ಲೇಕ್ ಸಿಟಿಯಲ್ಲೇ ಗ್ಯಾಂಬೆಲ್ ಓಕ್‌ನ ಹೂಗಳಿಗೆ ನಾನಾ ಓಕ್‌ಗಳ ಪರಾಗ ಹಾಕಿ ಕೈಯಾರೆ ಹೈಬ್ರಿಡ್‌ಗಳನ್ನು ಬೆಳೆಸಿದರು. ಕಾಡು ತಾನಾಗಿ ಮಾಡಿದ್ದನ್ನು ತೋಟದಲ್ಲಿ ಮತ್ತೆ ಮಾಡಿ ತೋರಿಸಿದ ಹಾಗಾಯಿತು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಟರ್ಬಿನೆಲ್ಲಾ ಇಲ್ಲದ ಜಾಗದಲ್ಲಿ ಅದರ ಸಂತಾನ ಹೇಗೆ?

ಕಾಟಮ್, ಟಕರ್ ಮತ್ತು ಡ್ರಾಬ್ನಿಕ್ 1959ರಲ್ಲಿ ಕೊಟ್ಟ ಉತ್ತರ ಹೀಗಿದೆ: ಟರ್ಬಿನೆಲ್ಲಾ ಒಂದು ಕಾಲದಲ್ಲಿ ಅಲ್ಲಿ ಇತ್ತು. ಹಿಮಯುಗ ಮುಗಿದ ಮೇಲೆ, ಇವತ್ತಿಗೆ ಸುಮಾರು 8,000ದಿಂದ 4,000 ವರ್ಷ ಹಿಂದೆ, ಪಶ್ಚಿಮ ಅಮೆರಿಕದಲ್ಲಿ ಈಗಿನದಕ್ಕಿಂತ ಬೆಚ್ಚಗಿನ ಕಾಲವೊಂದು ಬಂದಿತ್ತು. ಆಗ ಬಿಸಿಲುನಾಡಿನ ಟರ್ಬಿನೆಲ್ಲಾ ಉತ್ತರದವರೆಗೂ ಹಬ್ಬಿತ್ತು. ಗ್ಯಾಂಬೆಲ್ ಜೊತೆ ಒಂದೇ ಇಳಿಜಾರಿನಲ್ಲಿ ಬೆಳೆದಿತ್ತು. ಆಮೇಲೆ ಹವೆ ಮತ್ತೆ ತಂಪಾಯಿತು. ಟರ್ಬಿನೆಲ್ಲಾ ಉತ್ತರದಲ್ಲಿ ಅಳಿಯುತ್ತಾ ಬಂದು ದಕ್ಷಿಣದ ತುದಿಯಲ್ಲಿ ಮಾತ್ರ ಉಳಿಯಿತು. ಹೈಬ್ರಿಡ್‌ಗಳು ಅಲ್ಲೇ ನಿಂತವು. ಅವಕ್ಕೆ ಗ್ಯಾಂಬೆಲ್‌ನಿಂದ ಚಳಿ ತಡೆಯುವ ಶಕ್ತಿಯೂ ಬಂದಿತ್ತಲ್ಲ.

ನಾನು ಆಗ ಹೇಳಿದ ಅಂಶ ಇಲ್ಲಿ ಕೂಡಿಕೊಳ್ಳುತ್ತದೆ. ಟರ್ಬಿನೆಲ್ಲಾ ಕಡಿಮೆಯಾಗುತ್ತಾ ಹೋದಂತೆ, ಉಳಿದ ಒಂದೆರಡು ಗಿಡಗಳಿಗೆ ಸಿಗುತ್ತಿದ್ದ ಪರಾಗದಲ್ಲಿ ಹೆಚ್ಚಿನದು ಗ್ಯಾಂಬೆಲ್‌ನದೇ ಆಗಿರಬೇಕು. ಅಂದರೆ ಒಂದು ಜಾತಿ ಊರು ಬಿಡುವ ಹೊತ್ತೇ ಹೈಬ್ರಿಡ್ ಹುಟ್ಟಲು ಹೇಳಿ ಮಾಡಿಸಿದ ಹೊತ್ತು.

ಒಂದು ಪೊದೆ ಅಷ್ಟು ಸಾವಿರ ವರ್ಷ ಬದುಕುತ್ತದೆಯೇ? ಒಂದು ಕಾಂಡ ಬದುಕುವುದಿಲ್ಲ. ಗ್ಯಾಂಬೆಲ್ ಓಕ್ ನೆಲದಡಿಯಲ್ಲಿ ಕಾಂಡ ಹಬ್ಬಿಸಿ ಅಲ್ಲಲ್ಲಿ ಹೊಸ ಚಿಗುರು ಎಬ್ಬಿಸುತ್ತದೆ. ಬೆಂಕಿ ಬಿದ್ದು ಮೇಲಿನದೆಲ್ಲ ಸುಟ್ಟರೂ ಕೆಳಗಿನಿಂದ ಮತ್ತೆ ಏಳುತ್ತದೆ. ನಾವು ಹಲವು ಮರಗಳು ಎಂದುಕೊಳ್ಳುವ ಇಡೀ ಪೊದೆ ಅನೇಕ ಸಲ ಒಂದೇ ಗಿಡ. ಹೈಬ್ರಿಡ್‌ಗೂ ಈ ಗುಣ ಬಂದಿದೆ. ಕಾಂಡಗಳು ಬರುತ್ತವೆ, ಹೋಗುತ್ತವೆ. ಗಿಡ ಹಾಗೇ ಇರುತ್ತದೆ. ಓಕ್‌ಗಳಲ್ಲಿ ಇದು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಜುರುಪಾ ಓಕ್ ಉದಾಹರಣೆ. ಅದು ಪಾಮರ್ ಓಕ್ ಎಂಬ ಜಾತಿಯ ಒಂದೇ ಗಿಡ, ಸುಮಾರು 25 ಮೀಟರ್ ಉದ್ದಕ್ಕೆ ಹಬ್ಬಿದ ಪೊದೆ. ಅದರ ವಯಸ್ಸು 13,000 ವರ್ಷ ಇರಬಹುದೆಂದು 2009ರ ಒಂದು ಅಧ್ಯಯನ ಅಂದಾಜು ಮಾಡಿತು. ಅದರ ಪಕ್ಕದಲ್ಲಿಟ್ಟರೆ ಯೂಟಾದ ಹೈಬ್ರಿಡ್‌ಗೆ ಹೇಳುವ ನಾಲ್ಕೈದು ಸಾವಿರ ವರ್ಷ ಅತಿಶಯವೇನಲ್ಲ.

ದೊಡ್ಡ ಗಿಡ ಚಳಿ ತಡೆದುಕೊಂಡರೂ ಮೊಳಕೆಗೆ ಆ ಶಕ್ತಿ ಇರುವುದಿಲ್ಲ ಎಂಬುದೂ ಈ ಕಥೆಯ ಭಾಗ. ನೀಲ್ಸನ್ ಮತ್ತು ವುಲ್‌ಸ್ಟೈನ್ ಎಂಬ ಸಂಶೋಧಕರು ಇವೇ ಎರಡು ಓಕ್‌ಗಳ ಉತ್ತರದ ಗಡಿ ಎಲ್ಲಿ, ಯಾಕೆ ಎಂದು ಹುಡುಕಿ 1983ರಲ್ಲಿ ಬರೆದರು. ಗಡಿ ಹಾಕುವುದು ಎರಡು ಸಂಗತಿಗಳು: ವಸಂತದಲ್ಲಿ ತಡವಾಗಿ ಬೀಳುವ, ಹೆಪ್ಪುಗಟ್ಟಿಸುವ ಚಳಿ ಎಳೆ ಸಸಿಯನ್ನು ಸುಡುತ್ತದೆ, ಅದರಿಂದ ಪಾರಾದರೆ ಬೇಸಿಗೆಯ ಒಣಹವೆ ಕೊಲ್ಲುತ್ತದೆ. ಅಮೆರಿಕದ ನೈರುತ್ಯ ಭಾಗಕ್ಕೂ ಒಂದು ಮುಂಗಾರು ಇದೆ, ನಮ್ಮಷ್ಟು ಜೋರಿನದಲ್ಲ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಅರಿಝೋನಾ ಕಡೆ ಮಳೆ ತರುತ್ತದೆ. ಉತ್ತರ ಯೂಟಾಕ್ಕೆ ಬರುವಷ್ಟರಲ್ಲಿ ಅದರ ಕಸುವು ಮುಗಿದಿರುತ್ತದೆ. ಹಾಗಾಗಿ ಉತ್ತರದಲ್ಲಿ ಹಳೆಯ ಪೊದೆಗಳು ಬೇರಿನ ಬಲದಿಂದ ಇರುತ್ತವೆ. ಹೊಸ ಗಿಡ ಹುಟ್ಟಿ ಉಳಿಯುವುದು ಕಷ್ಟ. ಹಳೇ ಹವಾಮಾನದ ಲೆಕ್ಕ ಇನ್ನೂ ಬೇರಿನಲ್ಲಿ ಉಳಿದಿರುವುದು ಇದೇ ಕಾರಣಕ್ಕೆ.

ಇದಕ್ಕೊಂದು ಆಕ್ಷೇಪ ಎತ್ತಬಹುದು. ಹಳೆಯ ಕಾಲ, ಬೆಚ್ಚಗಿನ ಹವೆ ಇದೆಲ್ಲ ಯಾಕೆ, ಪರಾಗ ಸುಮ್ನೆ ದಕ್ಷಿಣದಿಂದ ಗಾಳಿಯಲ್ಲಿ ಹಾರಿ ಬಂದಿರಬಾರದೇಕೆ? ತಳ್ಳಿಹಾಕುವ ಮಾತಲ್ಲ. ಓಕ್ ಪರಾಗ ದೂರ ಹಾರುತ್ತದೆ. ಆದರೆ 300 ಕಿಲೋಮೀಟರ್ ಹಾರಿ, ಜೀವ ಉಳಿಸಿಕೊಂಡು, ಎರಡು ಕಡೆಯ ಹೂಬಿಡುವ ಹೊತ್ತೂ ಕೂಡಿಬಂದು, ಸುತ್ತ ಮೋಡದಂತೆ ತುಂಬಿರುವ ಗ್ಯಾಂಬೆಲ್ ಪರಾಗದ ಜೊತೆ ಪೈಪೋಟಿ ಮಾಡಿ ಗೆಲ್ಲಬೇಕು. ಒಂದು ಸಲ ಆಗಬಹುದು. ಇಷ್ಟೊಂದು ಕಡೆ ಪೊದೆಗಳಿರುವಾಗ ಇದೇ ಉತ್ತರ ಎನ್ನುವುದು ನನಗಂತೂ ಕಷ್ಟ. ಹೈಬ್ರಿಡ್‌ಗಳು ಕಣಿವೆಯ ತಳದ ಕೊರೆಯುವ ಚಳಿಗಿಂತ ಮೇಲೆ, ಬೆಟ್ಟದ ಬುಡದ ತುಸು ಬೆಚ್ಚಗಿನ ಪಟ್ಟಿಯಲ್ಲಿ ಸಿಗುತ್ತವೆ ಎಂಬುದನ್ನೂ ಸೇರಿಸಿಕೊಂಡರೆ ಕಾಟಮ್ ತಂಡದ ಉತ್ತರವೇ ಹೆಚ್ಚು ಗಟ್ಟಿ ಅನಿಸುತ್ತದೆ.

ಹೀಗೆ ಬೆರೆಯುತ್ತಾ ಹೋದರೆ ಕೊನೆಗೆ ಎಲ್ಲ ಓಕ್‌ಗಳೂ ಒಂದೇ ಆಗಬೇಕಿತ್ತಲ್ಲ? ಆಗಿಲ್ಲ, ಮತ್ತು ನನ್ನ ಪ್ರಕಾರ ಓಕ್ ಲೋಕದ ಅತಿ ಸೋಜಿಗದ ಸಂಗತಿ ಇದೇ. ಯುರೋಪಿನ ಎರಡು ಓಕ್‌ಗಳ ಮೇಲೆ ಫ್ರಾನ್ಸಿನ ಸಂಶೋಧಕರು ಮಾಡಿದ ಕೆಲಸ ಇದನ್ನು ತಿಳಿಗೊಳಿಸಿತು. ರೋಬರ್ ಓಕ್‌ಗೆ ತೇವದ, ಸಾರವುಳ್ಳ ಮಣ್ಣು ಇಷ್ಟ. ಪೆಟ್ರಿಯಾ ಓಕ್‌ಗೆ ನೀರು ಬಸಿದುಹೋಗುವ ಇಳಿಜಾರು. ಓಕ್‌ಗಳಲ್ಲಿ ಕ್ಲೋರೋಪ್ಲಾಸ್ಟ್‌ನ, ಅಂದರೆ ಎಲೆಗೆ ಹಸಿರು ಕೊಡುವ ಕಣದ, ಡಿಎನ್‌ಎ ಬರುವುದು ತಾಯಿಯಿಂದ ಮಾತ್ರ, ಅಂದರೆ ಕಾಯಿಯ ಮೂಲಕ. ಅದನ್ನು ಪರೀಕ್ಷಿಸಿದಾಗ, ಒಂದೇ ಕಾಡಿನ ರೋಬರ್ ಮತ್ತು ಪೆಟ್ರಿಯಾ ಮರಗಳಲ್ಲಿ ಅನೇಕ ಸಲ ಒಂದೇ ಬಗೆಯದು ಸಿಕ್ಕಿತು. ದೂರದ ಊರಿನ ಸ್ವಜಾತಿಗಿಂತ ಪಕ್ಕದ ಬೇರೆ ಜಾತಿಯ ಜೊತೆಗೇ ಹೋಲಿಕೆ!

ವಿವರಣೆ ಹೀಗಿದೆ. ಹಿಮಯುಗದ ನಂತರ ರೋಬರ್ ಮೊದಲು ಉತ್ತರಕ್ಕೆ ಹಬ್ಬಿತು. ಜೇ ಎಂಬ ಹಕ್ಕಿ ಕಾಯಿಗಳನ್ನು ಒಯ್ದು ನೆಲದಲ್ಲಿ ಹುದುಗಿಸಿಡುತ್ತದೆ, ಮರೆತವು ಮೊಳೆಯುತ್ತವೆ. ಹಿಂದೆಯೇ ಪೆಟ್ರಿಯಾದ ಪರಾಗ ಗಾಳಿಯಲ್ಲಿ ಬಂತು. ಹೈಬ್ರಿಡ್ ಹುಟ್ಟಿತು. ಅದರ ಮೇಲೆ ಮತ್ತೆ ಪೆಟ್ರಿಯಾ ಪರಾಗ, ಅದರ ಮಕ್ಕಳ ಮೇಲೆ ಮತ್ತೆ. ಹಲವು ತಲೆಮಾರು ಹೀಗೆ ಆದ ಮೇಲೆ ಮರ ನೋಡಲು, ನಡೆದುಕೊಳ್ಳಲು ಪೂರಾ ಪೆಟ್ರಿಯಾ. ಕ್ಲೋರೋಪ್ಲಾಸ್ಟ್ ಮಾತ್ರ ಮೂಲ ತಾಯಿಯದು, ರೋಬರ್‌ನದು. ಪೆಟ್ರಿಯಾ ಒಂದೂ ಕಾಯಿ ಕಳಿಸದೆ ಪರಾಗದಿಂದಲೇ ಹೊಸ ಜಾಗ ಹಿಡಿಯಿತು ಎನ್ನಬಹುದು. ಒಣ ಇಳಿಜಾರಿನಲ್ಲಿ ಪೆಟ್ರಿಯಾದ ಗುಣ ಹೆಚ್ಚಿದ್ದವು ಉಳಿದವು, ತೇವದ ತಗ್ಗಿನಲ್ಲಿ ರೋಬರ್‌ನ ಗುಣದವು. ಪರಾಗ ಬೆರೆಸುತ್ತದೆ, ಮಣ್ಣು ಮತ್ತು ಹವೆ ಮತ್ತೆ ಬೇರ್ಪಡಿಸುತ್ತವೆ. ಜಾತಿಗಳ ನಡುವೆ ಒಂದಷ್ಟು ಜೀನ್‌ಗಳು ಆಚೀಚೆ ಓಡಾಡುತ್ತಿದ್ದರೂ ಜಾತಿಗಳು ಉಳಿಯುವುದು ಹೀಗೆ.

ಇಷ್ಟಾದರೂ ಹೈಬ್ರಿಡ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ಕಡಿಮೆ. ಕಾಪಾಡಬೇಕಾದ ಮರಗಳ ಪಟ್ಟಿ ಮಾಡುವಾಗ ನಾವು ನೋಡುವುದು ಜಾತಿಯನ್ನು; ಎರಡು ಜಾತಿಯ ನಡುವಿನದಕ್ಕೆ ಅಲ್ಲಿ ಜಾಗ ಸಿಗುವುದು ಕಷ್ಟ. ಇದು ಸರಿಯಲ್ಲ ಎಂದು ನನಗೆ ಅನಿಸುತ್ತದೆ. ಸಾಲ್ಟ್ ಲೇಕ್ ಸಿಟಿ ಬೆಳೆಯುತ್ತಾ ಬಡಾವಣೆಗಳು ಬೆಟ್ಟದ ಬುಡಕ್ಕೆ ಏರುತ್ತಿವೆ, ಹೈಬ್ರಿಡ್ ಪೊದೆಗಳಿರುವ ಪಟ್ಟಿಯೂ ಅದೇ. ಒಂದು ಗ್ಯಾಂಬೆಲ್ ಪೊದೆ ಹೋದರೆ ಅಂಥವು ಬೇಕಾದಷ್ಟಿವೆ. ಒಂದು ಹೈಬ್ರಿಡ್ ಪೊದೆ ಹೋದರೆ ಆ ಜಾಗದಲ್ಲಿ ಟರ್ಬಿನೆಲ್ಲಾ ಇತ್ತು ಎನ್ನಲು ಇದ್ದ ಜೀವಂತ ಸಾಕ್ಷಿ ಹೋಯಿತು.

ಅವು ಬರೀ ಹಳೇ ಸಾಕ್ಷಿಯೂ ಅಲ್ಲ. ಹೈಬ್ರಿಡ್ ಪೊದೆಯ ಪರಾಗ ಪ್ರತಿ ವಸಂತದಲ್ಲೂ ಸುತ್ತಲಿನ ಗ್ಯಾಂಬೆಲ್ ಹೂಗಳ ಮೇಲೆ ಬೀಳುತ್ತದೆ. ಕಾಯಿ ಕಟ್ಟಿ, ಮಳೆ ಚೆನ್ನಾದ ವರ್ಷ ಯಾವುದೋ ಒಂದು ಸಸಿ ಉಳಿದರೆ, ಅದರೊಳಗೆ ಸೆಕೆ ಮತ್ತು ಬರ ತಡೆಯುವ ಟರ್ಬಿನೆಲ್ಲಾದ ಜೀನ್‌ಗಳು ಸೇರಿರಬಹುದು. ಯೂಟಾ ಈಗ ಮತ್ತೆ ಬಿಸಿಯಾಗುತ್ತಿದೆ. ಟರ್ಬಿನೆಲ್ಲಾ ಕಾಯಿಗಳು ಹಕ್ಕಿಯ ಬಾಯಲ್ಲಿ ಒಂದೊಂದೇ ಗುಡ್ಡ ದಾಟಿ ಉತ್ತರಕ್ಕೆ ಬರಲು ಬಹಳ ಕಾಲ ಬೇಕು. ಅದರ ಜೀನ್‌ಗಳಂತೂ ಹೈಬ್ರಿಡ್ ಪೊದೆಗಳೊಳಗೆ ಆಗಲೇ ಅಲ್ಲಿವೆ.